ಕವಲೊಡೆದ ನರ

ವಿಜ್ಞಾನಕ್ಕೆ ಬದುಕು ಕೊಟ್ಟವರನ್ನು ಪ್ರಪಂಚದ ಗಾಳಿ ಸೋಕಬಾರದು. ನಮ್ಮ ಮ್ಯೂಸಿಯಂ ಕ್ಯುರೇಟರು ಇದನ್ನು ಅಕ್ಷರಶಃ ಪಾಲಿಸಿ, ಏಪ್ರಿಲ್ ತಿಂಗಳಲ್ಲೂ ಫ್ಯಾನು ಹಾಕಲು ಬಿಡುತ್ತಿರಲಿಲ್ಲ. ಒಣಗಿದ ಪತಂಗದ ರೆಕ್ಕೆ ಗಾಳಿಗೆ ಮುರಿಯುತ್ತದೆ. ಉಸಿರು ತಾಗದಂತೆ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು, ಸೂಜಿಗೆ ಚುಚ್ಚಿದ ಪತಂಗದ ಮೇಲೆ ಭೂತಗನ್ನಡಿ ಹಿಡಿದು ಬಗ್ಗಿದರೆ, ಡಕಾಯಿತರೊಬ್ಬರು ಪೂಜೆಗೆ ಕೂತಂತೆ ಕಾಣುತ್ತಿದ್ದರು. ಸೀನು ಬಂದವರು ವರಾಂಡಕ್ಕೆ ಹೋಗಿ ಸೀನಿ ಬರಬೇಕು. ಜಯನಗರದ ಬಸ್ಸಿನಲ್ಲಿ ಅವರ ಪಕ್ಕದ ಸೀಟು, ನುಸಿಗುಳಿಗೆಯ ವಾಸನೆಯ ದೆಸೆಯಿಂದ, ಸದಾ ಖಾಲಿ.

ಐವತ್ತರ ದಶಕದ ಕೊನೆಯಲ್ಲಿ ನಾನು ಅವರ ಸಹಾಯಕನಾಗಿ ಸೇರಿದೆ. ರೆಕ್ಕೆಯ ನರ ನೋಡಿ ಜಾತಿ ವಿಂಗಡಿಸುವುದನ್ನು ಕಲಿಸಿದವರು ಅವರೇ. ಬಣ್ಣ ನಂಬಬೇಡ, ಬಣ್ಣ ಮಾಸಿಹೋಗುತ್ತೆ, ನರ ನೋಡು ಎನ್ನುತ್ತಿದ್ದರು. ಒಂದು ದಿನ ಹಳೆಯ ಪೆಟ್ಟಿಗೆಯೊಂದರಲ್ಲಿ, ತಲಘಟ್ಟಪುರದಲ್ಲಿ ಹಿಡಿದದ್ದೆಂದು ಚೀಟಿಯಿದ್ದ ಬೂದು ಪತಂಗವೊಂದು ಕಣ್ಣಿಗೆ ಬಿತ್ತು. ಅಕ್ಕಪಕ್ಕದವುಗಳ ತದ್ರೂಪು, ಆದರೆ ಹಿಂದಿನ ರೆಕ್ಕೆಯಲ್ಲಿ ಒಂದು ನರ ಕವಲೊಡೆದಿತ್ತು. ಇದ್ದಬದ್ದ ಪುಸ್ತಕಗಳನ್ನೆಲ್ಲ ಜಾಲಾಡಿದೆ. ಅಂಥದ್ದು ಎಲ್ಲೂ ಇರಲಿಲ್ಲ. ಹೊಸ ಜಾತಿಯನ್ನು ಮೊದಲು ವರ್ಣಿಸಿ ಅಚ್ಚು ಹಾಕಿಸಿದವರ ಹೆಸರು ಅದರ ಹೆಸರಿನ ಬೆನ್ನಿಗೆ ಶಾಶ್ವತವಾಗಿ ಅಂಟಿಕೊಳ್ಳುತ್ತದೆ. ನಾನು ವರ್ಣನೆ ಬರೆದು ಅವರ ಮುಂದಿಟ್ಟೆ.

ಬಹಳ ಹೊತ್ತು ನೋಡಿದರು. “ಒಂದೇ ಒಂದು ಪತಂಗ ಇಟ್ಕೊಂಡು ಜಾತಿ ಮಾಡಕ್ಕಾಗಲ್ಲ ಕಣಯ್ಯ. ಇದೊಂದೇ ಹುಟ್ತಾನೇ ಸೊಟ್ಟಗಿದ್ರೆ? ಇನ್ನೊಂದು ಹಿಡ್ಕೊಂಡು ಬಾ, ನಾನೇ ಅಚ್ಚಿಗೆ ಕಳಿಸ್ತೀನಿ.”

ಧರ್ಮಸೂಕ್ಷ್ಮವೆಂದು ತಲೆದೂಗಿದೆ. ಅಲ್ಲಿಂದ ವಾರವಾರವೂ ಪೆಟ್ರೋಮ್ಯಾಕ್ಸ್ ಹೊತ್ತು ತಲಘಟ್ಟಪುರಕ್ಕೆ ಹೋಗಿ, ಎರಡು ಮರಗಳ ನಡುವೆ ಬಿಳಿ ಪಂಚೆಯನ್ನು ಪರದೆಯಂತೆ ಕಟ್ಟಿ, ಮುಂದೆ ದೀಪವಿಟ್ಟು ಕಾದೆ. ಮೊದಲ ಸಂಜೆ ಊರಿನವರು ಚಾಪೆ ಸಮೇತ ಬಂದು ಪಂಚೆಯ ಎದುರು ಕೂತರು. ಸಿನಿಮಾ ಅಲ್ಲ, ಹುಳ ಹಿಡಿಯುವುದು ಎಂದು ತಿಳಿದಾಗ ಗೌಡರೊಬ್ಬರು ಮರುಕದಿಂದ, “ಮದ್ವೆ ಆಗೈತಾ ಸಾಮಿ?” ಎಂದು ಕೇಳಿದರು.

ಎರಡು ಮಳೆಗಾಲ ಕಳೆದವು. ಇನ್ನೊಂದು ಪತಂಗ ಬರಲಿಲ್ಲ. ಸಂಶೋಧನಾ ಪತ್ರಿಕೆಯೊಂದು ಬಂತು. ಅದರಲ್ಲಿ ನನ್ನ ಪತಂಗ, ಅದೇ ಕವಲೊಡೆದ ನರ, ಅಲ್ಲಲ್ಲಿ ನನ್ನ ವಾಕ್ಯಗಳು, ಕೆಳಗೆ ಕ್ಯುರೇಟರ ಹೆಸರು. ಆಧಾರ: ಒಂದೇ ಮಾದರಿ. ವಂದನೆಗಳ ಸಾಲಿನಲ್ಲಿ ಜವಾನನ ನಂತರ ನಾನಿದ್ದೆ.

ಪತ್ರಿಕೆ ಹಿಡಿದು ಅವರ ಮೇಜಿನ ಮುಂದೆ ನಿಂತೆ. “ಒಂದು ಸಾಲದು ಅಂದಿದ್ರಿ, ಸಾರ್.”

ಕರವಸ್ತ್ರ ಬಿಚ್ಚದೆಯೇ, “ಅದು ಕಲಿಯೋರಿಗೆ ಹೇಳೋ ಮಾತು” ಎಂದರು. ಭೂತಗನ್ನಡಿ ಕೆಳಗಿಟ್ಟು, “ರಿಟೈರ್ ಆಗೋಕ್ಮುಂಚೆ ನಂದೂ ಅಂತ ಒಂದಿರ್ಲಿ ಅನ್ನಿಸ್ತು ಕಣಯ್ಯ. ನಿಂಗಿನ್ನೂ ವಯಸ್ಸಿದೆ.”

ವಯಸ್ಸಿರುವುದು ಅಪರಾಧವೆಂದು ನನಗೆ ತಿಳಿದದ್ದು ಅಂದೇ.

ನಿವೃತ್ತರಾದ ಕೆಲವೇ ವರ್ಷಗಳಲ್ಲಿ ಅವರು ಜಯನಗರದ ಮನೆಯಲ್ಲಿ ತೀರಿಕೊಂಡರು. ಬನಶಂಕರಿಯ ನನ್ನ ಮನೆಯಿಂದ ನಡೆದೇ ಹೋಗಿ ಬಂದೆ. ಕಲಿಸಿದ ಋಣ ದೊಡ್ಡದು, ಇಲ್ಲವೆನ್ನಲಾರೆ. ಆ ಒಂದು ವಿಷಯಕ್ಕೆ ಮಾತ್ರ ಅವರನ್ನು ಕ್ಷಮಿಸಲು ಆಗಿಲ್ಲ. ಅಂಥ ಇನ್ನೊಂದು ಪತಂಗ ಈವರೆಗೆ ಯಾರಿಗೂ ಸಿಕ್ಕಿಲ್ಲ. ಪುಸ್ತಕಗಳಲ್ಲಿ ಅದು ಅವರ ಹೆಸರಿನಲ್ಲಿದೆ.