ಪದ್ಮಾ ತಿನ್ನದ ಬಟಾಟೆ ವಡೆ

ಇವತ್ತು ಕುರುಂದವಾಡದ ಸ್ಟ್ಯಾಂಡಿನಲ್ಲಿ ಬಸ್ಸಿಳಿದ ಕೂಡಲೇ ಬಟಾಟೆ ವಡೆಯ ವಾಸನೆ ಮೂಗಿಗೆ ಬಡಿಯಿತು. ಹಳೆಯ ಹೊಟ್ಟೆಕಿಚ್ಚು ಮತ್ತೆ ಎದ್ದು ಕೂತಿತು.

ಆಗ ನಾನು, ಗೆಳತಿ ಪದ್ಮಾ ಮೂರನೇ ತರಗತಿ. ನಾನು ನೀರು ಕುಡಿಯಲು ನಳದ ಕಡೆ ಹೋದಾಗ ಇದೇ ಸ್ಟ್ಯಾಂಡಿನಲ್ಲಿ ಒಬ್ಬಾತ ಅವಳ ಮುಂದೆ ವಡೆ ಹಿಡಿದನಂತೆ. "ತಿನ್ನ ಕೂಸ, ಇನ್ನೂ ಕೊಡಸ್ತೇನಿ, ಬಾ." ಅವಳದು ಜೈನರ ಮನೆ, ನೆಲದೊಳಗಿನ ಗಡ್ಡೆ ತಿನ್ನುವವರಲ್ಲ.

"ನಾವು ಬಟಾಟಿ ತಿನ್ನೂದಿಲ್ರಿ ಕಾಕಾ" ಅಂದಳು.

ವಾರದೊಳಗೆ ಅವನು ಸಿಕ್ಕಿಬಿದ್ದ. ಹಾಗೆಯೇ ವಡೆ ತಿಂದು ಅವನ ಹಿಂದೆ ಹೋಗಿದ್ದ ನಾಲ್ಕು ಮಕ್ಕಳ ಹೆಣ ಪಕ್ಕದೂರು ಅಕಿವಾಟದ ಕಬ್ಬಿನ ಗದ್ದೆಯೊಳಗೆ ಸಿಕ್ಕವು.

ಕೊಲ್ಹಾಪುರದ ಕೋರ್ಟಿಗೆ ಸಾಕ್ಷಿ ಹೇಳಲು ಪದ್ಮಾ ಪೊಲೀಸ್ ಜೀಪಿನಲ್ಲಿ ಹೋದಳು. ಹೊಸ ಫ್ರಾಕು, ಕೆಂಪು ರಿಬ್ಬನ್ನು. ಅವನಿಗೆ ಗಲ್ಲು ಶಿಕ್ಷೆಯಾದ ಸುದ್ದಿ ಬಂದ ದಿನ ಮಾಸ್ತರರು ಅವಳನ್ನು ತಮ್ಮ ಕುರ್ಚಿಯಲ್ಲೇ ಕೂರಿಸಿದರು. ನಾನು ಮನೆಗೆ ಬಂದು ಪಾಟಿಚೀಲ ಮೂಲೆಗೆ ಎಸೆದೆ.

"ಅವ್ವಾ, ಅಂವ ನನ್ನ ಯಾಕ ಕರೀಲಿಲ್ಲ?"

ಪಲ್ಯಕ್ಕೆ ಬಟಾಟೆ ಹೆಚ್ಚುತ್ತಿದ್ದ ಅವ್ವನ ಕೈ ನಿಂತಿತು. "ನಿನ್ನ ಕರದಿದ್ರ ಎರಡು ತಿಂದು, ಮೂರನೇದಕ್ಕ ಅವನ ಬೆನ್ನ ಹತ್ತತಿದ್ದಿ" ಎಂದವಳು ನನ್ನನ್ನು ಎಳೆದು ಅಪ್ಪಿಕೊಂಡು ಅತ್ತಳು. ಆದರೂ ನನ್ನ ಕಿಚ್ಚು ಆರಲಿಲ್ಲ.

ಇವತ್ತು ನನ್ನನ್ನು ಕರೆದೊಯ್ಯಲು ಸ್ಟ್ಯಾಂಡಿಗೆ ಬಂದ ಪದ್ಮಾ, ನಾನು ಕೊಂಡು ಕೈಯಲ್ಲಿ ಹಿಡಿದಿದ್ದ ವಡೆಯನ್ನೇ ನೋಡಿದಳು. ಇಷ್ಟು ವರ್ಷಗಳ ಮೇಲೆ ನನ್ನ ಹೊಟ್ಟೆಕಿಚ್ಚನ್ನು ಅವಳ ಮುಂದೆ ಒಪ್ಪಿಕೊಂಡೆ. ಅವಳು ನಗಲಿಲ್ಲ.

"ಅವತ್ತ ನನಗ ಭಾಳ ಹಸಿವಾಗಿತ್ತ. ನಿಮ್ಮ ಮನ್ಯಾಗ ಹುಟ್ಟಿದ್ರ ತಿಂತಿದ್ನಲ್ಲಾ ಅಂತ ನಿನ್ನ ಮ್ಯಾಲೇ ಹೊಟ್ಟಿಕಿಚ್ಚ ಪಟ್ಟಿದ್ನಿ."