ಹಿಡಿರಾಗಿಯ ಮಡಕೆ

ನನ್ನ ಓರಗಿತ್ತಿಯನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಸುಲಭ. ವಯಸ್ಸಾದ ಮೇಲೆ ಎಲ್ಲರೂ ತಾವು ಹರೆಯದಲ್ಲಿ ಭಾರಿ ಒಳ್ಳೆಯವರಾಗಿದ್ದೆವು ಎಂದು ಹೇಳಿಕೊಳ್ಳುತ್ತಾರೆ. ನನಗೆ ಆ ಚಟವಿಲ್ಲ.

ನಮ್ಮದು ದೊಡ್ಡೇರಿ ಕಡೆಯ ಹಳ್ಳಿ. ಮಾವನವರ ಕಾಲದಲ್ಲಿ ಕ್ರೈಸ್ತರಾದ ನಾಲ್ಕು ಮನೆಗಳು ಊರಂಚಿನಲ್ಲಿದ್ದವು, ಅದರಲ್ಲೊಂದಕ್ಕೆ ನಾನು ಹಿರೀ ಸೊಸೆಯಾಗಿ ಬಂದೆ. ಈ ಮನೆಗಳಲ್ಲಿ ಒಂದು ಪದ್ಧತಿಯಿತ್ತು. ಬೆಳಿಗ್ಗೆ ಬೀಸುವ ಕಲ್ಲಿನ ಮುಂದೆ ಕೂರುವ ಮೊದಲು ಒಂದು ಹಿಡಿ ರಾಗಿಯನ್ನು ದೇವರಿಗೆಂದು ಬೇರೆ ಮಡಕೆಗೆ ಹಾಕಿ, ಎರಡು ಮಾತು ಪ್ರಾರ್ಥನೆ ಮಾಡಬೇಕು. ಮಡಕೆ ತುಂಬಿದ ಭಾನುವಾರ ಅದನ್ನು ದೇವಾಲಯಕ್ಕೆ ಒಯ್ಯುತ್ತಿದ್ದೆವು. ಅಲ್ಲಿಂದ ಅದು ಇಲ್ಲದವರ ಮನೆಗೆ ಹೋಗುತ್ತಿತ್ತು.

ಆರು ವರ್ಷ ಆ ಹಿಡಿ ಹಾಕಿದವಳು ನಾನು. ನನ್ನ ಪ್ರಾರ್ಥನೆ ಅಂದರೆ 'ಸ್ವಾಮಿ, ಕಾಪಾಡು' ಎನ್ನುವಷ್ಟೇ. ಆಮೇಲೆ ಮೈದುನನ ಹೆಂಡತಿಯಾಗಿ ಇವಳು ಬಂದಳು. ತುಮಕೂರಿನ ಬೋರ್ಡಿಂಗ್ ಶಾಲೆಯಲ್ಲಿ ಓದಿದವಳು. ನನ್ನನ್ನು 'ಅಕ್ಕಾ, ನೀವು' ಎಂದು ಕರೆಯುತ್ತಿದ್ದಳು, ಅದೂ ನನಗೆ ಸೇರುತ್ತಿರಲಿಲ್ಲ. ಬಂದ ಮೂರನೆಯ ದಿನ ಮಡಕೆಯ ಮುಂದೆ ಕಣ್ಣು ಮುಚ್ಚಿ, ತವರಿನಲ್ಲಿ ಅಪ್ಪನ ಹತ್ತಿರ ಮಾತಾಡಿದಂತೆ ದೇವರ ಹತ್ತಿರ ಮಾತಾಡಿದಳು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಇನ್ಮೇಕೆ ನೀನೇ ಆಕವ್ವ," ಅಂದುಬಿಟ್ಟರು. ಮಡಕೆ ಕೈ ಬದಲಾಯಿತು. ಬೀಸುವುದು ಮಾತ್ರ ನನಗೇ ಉಳಿಯಿತು.

ಅಂದಿನಿಂದ ನನ್ನ ಹೊಟ್ಟೆ ಉರಿಯತೊಡಗಿತು. ಅವಳ ಓದಿನ ಮೇಲಲ್ಲ, ಸೀರೆಯ ಮೇಲೂ ಅಲ್ಲ. ಅವಳು ಕರೆದರೆ ದೇವರು ಓಗೊಡುತ್ತಾನೆ, ನಾನು ಕರೆದರೆ ಕಿವುಡನಾಗುತ್ತಾನೆ ಅನ್ನುವುದೇ ನನ್ನ ಸಂಕಟ. ದೇವಾಲಯದಲ್ಲಿ ಅವಳ ಪಕ್ಕ ಕೂತು ಕಣ್ಣು ಮುಚ್ಚಿದರೆ ನನಗೆ ಕಾಣುತ್ತಿದ್ದುದು ಆ ಮಡಕೆ.

ಆ ವರ್ಷ ಸುಗ್ಗಿ ಮುಗಿಯುವ ಹೊತ್ತಿಗೆ ಊರಲ್ಲಿ ಇಲಿಗಳು ಸತ್ತು ಬಿದ್ದವು. ಇಲಿ ಬಿದ್ದರೆ ಊರು ಬಿಡಬೇಕು, ಆ ಕಾಲದಲ್ಲಿ ಅದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಹೊಲಗಳಲ್ಲಿ ಸೋಗೆಯ ಗುಡಿಸಲು ಎದ್ದವು. ಗಂಡಸರು ಪಾವಗಡದ ಕಡೆ ರಸ್ತೆ ಕೆಲಸಕ್ಕೆ ಹೋಗಿದ್ದರು. ಊರಿಗೆ ಪ್ಲೇಗು ಬಂದಿದೆಯೆಂದು ಅವರನ್ನು ಇತ್ತ ಬರಲು ಬಿಡಲಿಲ್ಲ. ಗುಡಿಸಲಿಗೆ ಬಂದ ಐದನೆಯ ದಿನ ಕಿರಿಯವಳಿಗೆ, ಅದೇ ನನ್ನ ಓರಗಿತ್ತಿಗೆ, ಜ್ವರ ಬಂತು. ಮಾರನೆಯ ದಿನ ಕಂಕುಳಲ್ಲಿ ಗಂಟು.

ಗಂಟು ಕಂಡವರನ್ನು ಕೆರೆಯಾಚೆಯ ಗುಡಿಸಲುಗಳಿಗೆ ಹಾಕುವುದು ಕಟ್ಟಳೆ. ಜೊತೆಗೆ ಒಬ್ಬರು ಹೋಗಬಹುದು, ಹೋದವರು ಅದು ಮುಗಿಯುವತನಕ ಇತ್ತ ಬರುವಂತಿಲ್ಲ. ನನಗೆ ಚಿಕ್ಕಂದಿನಲ್ಲೇ ಆ ರೋಗ ಬಂದು ಹೋಗಿತ್ತು, ಕುತ್ತಿಗೆಯ ಮೇಲೆ ಕಲೆಯೂ ಇತ್ತು. ಒಮ್ಮೆ ಬಂದವರಿಗೆ ಮತ್ತೆ ಬರುವುದಿಲ್ಲ ಎಂದು ಜನ ನಂಬುತ್ತಿದ್ದರು. ಆದರೂ ಅತ್ತೆ ನನ್ನ ಕಡೆ ನೋಡಲಿಲ್ಲ. ಸೆರಗು ಬಿಗಿದುಕೊಂಡು, "ನಾನೇ ಓಯ್ತೀನಿ, ನನ್ ಜೀವ ಇದ್ದೆಷ್ಟು ಓದ್ರೆಷ್ಟು," ಅಂದರು.

ಆ ಮಾತು ನನ್ನನ್ನು ಸುಟ್ಟಿತು. ನಾನು ಮಲಗಿದ್ದರೆ ಈಕೆ ಹೀಗೆ ಏಳುತ್ತಿದ್ದರೇ? "ನೀವು ಕೂತ್ಕಳಿ, ನಾನ್ ಓಯ್ತೀನಿ," ಎಂದೆ. ನೋಡಿದವರು ಎಂಥ ಧೈರ್ಯ ಅಂದುಕೊಂಡಿರಬೇಕು. ಧೈರ್ಯವೂ ಅಲ್ಲ, ಮಣ್ಣೂ ಅಲ್ಲ. ಅತ್ತೆಯ ಪ್ರಾಣವನ್ನೂ ಅವಳೇ ಪಡೆದುಕೊಳ್ಳುವುದು ನನಗೆ ಬೇಡವಾಗಿತ್ತು. ಹೊರಡುವಾಗ ಚಿಕ್ಕ ಬೀಸುವ ಕಲ್ಲಿನ ಜೊತೆ ಹಿಡಿರಾಗಿಯ ಮಡಕೆಯನ್ನೂ ಎತ್ತಿಕೊಂಡೆ. ಅವಳು ಹೋದರೆ ಮಡಕೆಯಾದರೂ ನನ್ನದಾಗುತ್ತದೆ ಎಂಬ ಯೋಚನೆ ನನಗೆ ಬಂದಿತ್ತು.

ಅತ್ತೆ ದಿನವೂ ಕೆರೆ ಏರಿಯ ಹೊಂಗೆಮರದ ಬುಡದಲ್ಲಿ ರಾಗಿ, ಉಪ್ಪು ಇಟ್ಟು, ದೂರ ಸರಿದು ಕೂಗುತ್ತಿದ್ದರು: "ಎಂಗವ್ಳೆ ಮಗಾ?" ನಾನು ಹೇಗಿದ್ದೇನೆಂದು ಒಂದು ದಿನವೂ ಕೇಳಲಿಲ್ಲ. ನಾನು, "ಅಂಗೇ ಅವ್ಳೆ," ಎಂದು ಕೂಗಿ ರಾಗಿ ಎತ್ತಿಕೊಂಡು ಬರುತ್ತಿದ್ದೆ.

ಅವಳಿಗೋ ಜ್ವರದಲ್ಲೂ ಆ ಹಿಡಿ ರಾಗಿಯದೇ ಚಿಂತೆ.

"ಅಕ್ಕಾ, ಹಿಡಿ ಹಾಕಿದ್ರಾ?"

"ಪ್ಲೇಗಿನ್ ಗುಡ್ಲ ರಾಗೀನ ಯಾರ್ ತಗಂತಾರೆ? ಸುಮ್ಕೆ ಮನಿಕೊ."

"ತಗೊಳ್ಳೋನು ತಗೋತಾನೆ. ನೀವು ಹಾಕಿ."

ಹಾಕುತ್ತಿದ್ದೆ, ಪ್ರಾರ್ಥನೆಯಿಲ್ಲದೆ. ಏಳನೆಯ ದಿನ ಅವಳು ಕೇಳುವುದನ್ನೂ ನಿಲ್ಲಿಸಿದಳು. ಕಣ್ಣು ಮೇಲೆ ಸಿಕ್ಕಿಕೊಂಡಿತ್ತು. ನೀರು ಕಟವಾಯಿಯಿಂದ ಹೊರಗೆ ಹರಿಯುತ್ತಿತ್ತು. ಸುತ್ತ ಒಂದು ನರಪಿಳ್ಳೆಯಿಲ್ಲ. ನನಗೆ ಹೆದರಿಕೆಯಾಯಿತು. ಹಿಡಿ ರಾಗಿ ಕೈಯಲ್ಲಿತ್ತು. ಬಾಯಿಗೆ ಬಂದದ್ದನ್ನು ಗಟ್ಟಿಯಾಗಿಯೇ ಅಂದುಬಿಟ್ಟೆ:

"ಸ್ವಾಮಿ, ಇವ್ಳನ್ನ ಕಂಡ್ರೆ ನಂಗಾಗಕ್ಕಿಲ್ಲ, ಅದು ನಿಂಗೂ ಗೊತ್ತು. ಇವ್ಳು ಸತ್ರೆ ನಮ್ಮತ್ತೆ ತಾನು ಸಾಯಗಂಟ ಇವ್ಳನ್ನೇ ಒಗಳ್ತಾರೆ. ಸತ್ತೋರ್ ಮುಂದೆ ನಾನೆಂಗೆ ಗೆಲ್ಲದು? ಇವ್ಳನ್ನ ಬದುಕ್ಸು. ಬದುಕ್ಸಿ ನನ್ ಕಣ್ಮುಂದೇನೇ ಮಡಗು."

ಹೇಳಿ ಮುಗಿಸಿದ ಮೇಲೆ ನನಗೇ ನಾಚಿಕೆಯಾಯಿತು. ಆದರೆ ಎದೆ ಹಗುರವಾಗಿತ್ತು. ನನ್ನ ಹೊಟ್ಟೆಯೊಳಗಿನ ಕೊಳೆಯನ್ನೆಲ್ಲ ಕೇಳಿಯೂ ಎದ್ದು ಹೋಗದವನೊಬ್ಬ ಆ ಗುಡಿಸಲಿನಲ್ಲಿ ಕೂತಿದ್ದಾನೆ ಅನ್ನಿಸಿತು. ಆರು ವರ್ಷ 'ಕಾಪಾಡು' ಅಂದಾಗ ಒಂದು ಸಲವೂ ಹಾಗೆ ಅನ್ನಿಸಿರಲಿಲ್ಲ.

ಆ ಮಧ್ಯಾಹ್ನವೇ ಪಕ್ಕದ ಗುಡಿಸಲಿನ ನರಳಾಟ ನನ್ನ ಕಿವಿಗೆ ಬಿತ್ತು. ಮೊದಲೂ ಕೇಳಿಸಿರಬೇಕು, ನಾನು ಕೇಳಿಸಿಕೊಂಡಿರಲಿಲ್ಲ. ಅಲ್ಲಿದ್ದವಳು ಊರೊಳಗಿನ ಬೇಸಾಯದ ಮನೆಯ ಅಜ್ಜಿ. ಮನೆಯವರು ಅವಳನ್ನು ಬಿಟ್ಟು ಬಡವನಹಳ್ಳಿಯ ನಂಟರಲ್ಲಿಗೆ ಹೊರಟುಹೋಗಿದ್ದರು. ದೇವರ ಮಡಕೆಯಿಂದ ರಾಗಿ ತೆಗೆದು ಬೀಸಿ ಅಂಬಲಿ ಕಾಯಿಸಿದೆ. ನಮ್ಮ ಕೈಯಿಂದ ನೀರೂ ಮುಟ್ಟದ ಜನ ಅವರು. ಅಜ್ಜಿ, "ಅಲ್ಲೇ ಕಲ್ ಮ್ಯಾಲಿಕ್ಕು," ಅಂದಳು. ಇಟ್ಟೆ. ಮೂರನೆಯ ದಿನ, "ಎತ್ತಕ್ಕಾಗಕ್ಕಿಲ್ಲ, ನೀನೇ ಕುಡ್ಸಮ್ಮಿ," ಎಂದು ಬಾಯಿ ತೆರೆದಳು. ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಡಿಸಿದೆ. ರೋಗದ ಭಯ ಆಗ ನೆನಪಿಗೂ ಬರಲಿಲ್ಲ.

ಅಷ್ಟರಲ್ಲಿ ಕಿರಿಯವಳ ಗಂಟು ಒಡೆದು ಕೀವು ಹೋಗಿ, ಜ್ವರ ಇಳಿದಿತ್ತು. ಅಜ್ಜಿಯೂ ಎದ್ದು ಕೂತಳು. ತಿಂಗಳು ಕಳೆದ ಮೇಲೆ ನಾವು ಊರಿಗೆ ಮರಳಿದಾಗ ಮಡಕೆ ಬರಿದಾಗಿತ್ತು.

ಅತ್ತೆ ಕಿರಿಯವಳ ಮುಖ ಸವರಿ, "ಇವ್ಳ್ ಪ್ರಾರ್ತನೇನೇ ಇವ್ಳನ್ನ ಉಳುಸ್ತು," ಅಂದರು. ನನ್ನ ಹೊಟ್ಟೆಯ ಹಳೆಯ ಕೆಂಡಕ್ಕೆ ಮತ್ತೆ ಗಾಳಿ ಬಿತ್ತು. ಆಮೇಲೆ ಮಡಕೆಯೊಳಗೆ ಕೈಯಾಡಿಸಿ ನೋಡಿದರು.

"ಏನಮ್ಮಿ, ದೇವ್ರ್ ರಾಗೀನೂ ತಿಂದ್ಬುಟ್ಟಾ?"

ಜ್ವರದಲ್ಲಿದ್ದವಳಿಗೆ ಏನು ಗೊತ್ತು, ನನ್ನ ಪರವಾಗಿ ಯಾರು ಹೇಳಬೇಕು? ಆಗ ಕಿರಿಯವಳು ಗೋಡೆ ಹಿಡಿದು ಎದ್ದಳು. "ಅತ್ತೆ, ಅದು ಹೋಗಬೇಕಾದ ಮನೆಗೇ ಹೋಯ್ತು. ಪಕ್ಕದ ಗುಡಿಸಲಿನ ಅಜ್ಜೀನ ಕೇಳಿ," ಎಂದು ಮಡಕೆಯನ್ನು ಅವರ ಕೈಯಿಂದ ತೆಗೆದುಕೊಂಡು ನನ್ನ ಮುಂದಿಟ್ಟಳು. "ಇನ್ನು ಅಕ್ಕನೇ ಹಾಕ್ಲಿ."

ಅತ್ತೆ ಹಿತ್ತಲಿಗೆ ಹೋದ ಮೇಲೆ ನಾನು ಸಿಡುಕಿದೆ. "ನಿನ್ ಕರುಣೆ ನಂಗ್ ಬ್ಯಾಡ. ನಂಗೇನ್ ನಿನ್ನಂಗೆ ಪ್ರಾರ್ತನೆ ಬತ್ತದಾ?"

"ನಾನು ಬೋರ್ಡಿಂಗ್‌ನಲ್ಲಿ ಕಲಿತದ್ದನ್ನ ಒಪ್ಪಿಸ್ತೀನಿ, ಅಷ್ಟೇ," ಅಂದಳು. "ನೀವು ಅವತ್ತು ಬೇಡಿಕೊಂಡ್ರಲ್ಲ, ಹಾಗೆ ಮಾತಾಡೋಕೆ ನನಗೆ ಒಂದು ದಿನಾನೂ ಬಂದಿಲ್ಲ. ಹೊಟ್ಟೆಕಿಚ್ಚಾಯ್ತು ಅಕ್ಕಾ."

"ನಿಂಗದು ಕೇಳುಸ್ತಾ? ಎಲ್ಲಾನೂವಾ?"

"ಎಲ್ಲಾನೂ."

"ಕೇಳ್ಸ್ಕಂಡು ಏನ್ ಮಾಡ್ದೆ?"

ಅವಳು ಮಡಕೆಯನ್ನು ನನ್ನ ಕಡೆಗೆ ಇನ್ನಷ್ಟು ಸರಿಸಿದಳು.

"ಬಾಯಿ ಬರ್ತಿರಲಿಲ್ಲ. ಮನಸ್ಸಲ್ಲೇ ಆಮೆನ್ ಅಂದೆ."