ಹೊಟ್ಟೆ ಒತ್ತಿ ನೋಡಿದ ಮೀನು

ಇವತ್ತು ವಿಜಯಪುರದ ಮೀನಂಗಡಿಯಲ್ಲಿ ಮೊಳದುದ್ದದ ಶಾರ್ಕ್ ಕಂಡಿದ್ದೇ ತಡ, ನನ್ನ ಬೆರಳು ಅದರ ಹೊಟ್ಟೆ ಒತ್ತಿತು. "ಅದೇನ್ ಪ್ಯಾರಲಹಣ್ಣೇನ್ರಿ ಅಕ್ಕಾರ, ಹಿಚುಕಿ ನೋಡಾಕ?" ಎಂದು ಅಂಗಡಿಯವನು ನಕ್ಕ.

ನಮ್ಮ ಅಪ್ಪನ ಅವ್ವ, ಆಯಿ, ಬಿಜ್ಜರಗಿಯಲ್ಲಿ ಆಡು ಸಾಕಿದವಳು. ಬಸಿರೋ ಇಲ್ಲವೋ ಎಂದು ಹೊಟ್ಟೆ ಒತ್ತಿ ನೋಡದೆ ಒಂದು ಆಡನ್ನೂ ಕೊಯ್ಯಲು ಕೊಟ್ಟವಳಲ್ಲ. ಕಾರವಾರದಲ್ಲಿ ದೋಣಿಗೆ ಹೋಗುತ್ತಿದ್ದ ಕಾಕಾ ಒಮ್ಮೆ ಐಸ್ ಡಬ್ಬಿಯಲ್ಲಿ ಇಂಥದೇ ಮೀನು ತಂದ. ಚರ್ಮ ಬೀಸುಕಲ್ಲಿನಂತೆ ತರಿತರಿ. ಸವರಿ ಸವರಿ ನನ್ನ ಬೆರಳು ಕೆಂಪಾಗಿತ್ತು. ಮೀನಿಗೆಂಥ ನೇಮ ಎಂದುಕೊಂಡು ಆಯಿ ನೇರ ಈಳಿಗೆಗೆ ಹಚ್ಚಿದಳು. ತತ್ತಿ ಇರಬೇಕಾದಲ್ಲಿ ಬೆರಳುದ್ದದ ಮರಿಗಳು, ಒಂದೊಂದಕ್ಕೂ ಹೊಕ್ಕುಳಬಳ್ಳಿ!

"ಇದು ತತ್ತಿ ಇಡೂದಿಲ್ಲ ಬೇ, ಆಡಿನಂಗ ಮರಿ ಹಾಕತೈತಿ," ಎಂದ ಕಾಕಾ, ದೊಡ್ಡ ಜಾಣನಂತೆ.

"ಗೊತ್ತಿದ್ದೂ ಬಸರಿನ್ನ ಹಿಡಕೊಂಡ ಬಂದ್ಯಾ? ಇವತ್ತ ನಿನಗ ಬದನಿಕಾಯೇ ಗತಿ!"

"ಸಮುದ್ರದಾಗಿಂದ ಬರೂ ಮೀನಿನ ಹೊಟ್ಟಿ ಹೆಂಗ ಒತ್ತಲಿ ಬೇ?"

"ಬಲಿ ಎಳದ ಮ್ಯಾಲ ಒತ್ತು. ಬಸರಿದ್ರ ನೀರಿಗಿ ಬಿಡು."

ನಾವೆಲ್ಲ ನಕ್ಕೆವು. ಆಯಿ ನಗಲಿಲ್ಲ. ಕಾಕಾ ಸಪ್ಪೆ ಮುಖದಲ್ಲಿ ರೊಟ್ಟಿ ಮುರಿದ.

ಇವತ್ತಿನ ಮೀನಿನ ಹೊಟ್ಟೆಯೂ ಬೆರಳಿಗೆ ಗಂಟುಗಂಟಾಗಿ ಸಿಕ್ಕಿತು. ಕೈ ಒರೆಸಿಕೊಂಡು, ಪಕ್ಕದ ಕಾಯಿಪಲ್ಯದವಳ ಹತ್ತಿರ ಅರ್ಧ ಕಿಲೊ ಬದನೆಕಾಯಿ ತೂಗಿಸಿದೆ.